ಉಳಿಕೆ ಮತ್ತು ಮುಯ್ಯಿ: ಜಡೆ–ಸೊರಬ ಸೀಮೆಯ ಸಣ್ಣ ಕೈಕಸುಬುಗಳ ಚರಿತ್ರೆಗೊಂದು ಪೀಠಿಕೆ

೧. ಸೀಮೆ ಮತ್ತು ಸಮಸ್ಯೆ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಜಡೆ ಹೋಬಳಿ ಮತ್ತು ನೆರೆಯ ಶಿಕಾರಿಪುರ ಸೀಮೆ ಕರ್ನಾಟಕದ ಚರಿತ್ರೆಯನ್ನು ಓದಿದವರಿಗೆ ಅಪರಿಚಿತ ಪ್ರದೇಶಗಳಲ್ಲ. ಒಂದು ಮಗ್ಗುಲಿನಲ್ಲಿ ಕದಂಬರ ಬನವಾಸಿ, ಮತ್ತೊಂದು ಮಗ್ಗುಲಿನಲ್ಲಿ ತಾಳಗುಂದ ಮತ್ತು ಬಳ್ಳಿಗಾವೆ, ಇವುಗಳ ಆಸುಪಾಸಿನಲ್ಲಿ ಕುಬಟೂರು, ಬಂದಳಿಕೆ, ಉದ್ರಿಗಳಂತಹ ಶಾಸನಸಮೃದ್ಧ ಗ್ರಾಮಗಳು. ಬನವಾಸಿ ೧೨೦೦೦ದೊಳಗಿನ ನಾಗರಖಂಡ ೭೦, ಜಿಡ್ಡುಳಿಗೆ ೭೦, ಎಡೆನಾಡು ೭೦ ಎಂಬ ನಾಡುಗಳ ಹೆಸರು ಈ ಭಾಗದ ಕಲ್ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಮತ್ತು ೧೯೦೪ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಹಾಗೂ ಎಂಟನೆಯ ಸಂಪುಟಗಳು ಈ ಸೀಮೆಯ ಅರಸರು, ಮಹಾಮಂಡಲೇಶ್ವರರು, ದೇಗುಲಗಳು, ಮಠಗಳು, ತುರುಗೋಳಿನಲ್ಲಿ ಮಡಿದ ವೀರರು, ಇವರೆಲ್ಲರ ಪರಿಚಯವನ್ನು ನಮಗೆ ಮಾಡಿಕೊಟ್ಟಿವೆ.

ಆದರೆ ಇದೇ ಸೀಮೆಯ ಮನೆಗಳ ಒಳಗೆ ತಲೆಮಾರುಗಳಿಂದ ತಯಾರಾಗುತ್ತ ಬಂದ ಸಣ್ಣ ವಸ್ತುಗಳ ಚರಿತ್ರೆಯನ್ನು ಬರೆಯಹೊರಟವನಿಗೆ ಈ ಸಂಪುಟಗಳು ಹೆಚ್ಚು ನೆರವಾಗುವುದಿಲ್ಲ. ಹಳೆಯ ಸೀರೆಯ ಕೌದಿ, ತುಂಡು ಬಟ್ಟೆಯ ಎಲೆಯಡಿಕೆ ಸಂಚಿ, ಒಣಹುಲ್ಲಿನ ಸಿಂಬಿ, ಭತ್ತದ ತೆನೆಯ ತೋರಣ, ಶ್ರೀಗಂಧದ ಹೊಪ್ಪಳಿಕೆಯ ಹಾರ, ಕೆರೆಯ ಬೆಂಡಿನ ಬಾಸಿಂಗ—ಇವು ಅಂತಹ ವಸ್ತುಗಳು. ಇವುಗಳಿಗೆ ಎರಡು ಸಮಾನ ಲಕ್ಷಣಗಳುಂಟು. ಮೊದಲನೆಯದಾಗಿ, ಇವುಗಳ ದ್ರವ್ಯವು ಬೇರೊಂದು ಮುಖ್ಯವಾದ ಕೆಲಸ ಮುಗಿದ ಮೇಲೆ ಉಳಿದದ್ದು, ಅಥವಾ ಮುಖ್ಯ ಬೆಳೆಯ ಲೆಕ್ಕಕ್ಕೆ ಸೇರದೆ ತಾನಾಗಿ ಬೆಳೆದದ್ದು. ಎರಡನೆಯದಾಗಿ, ಇವುಗಳಲ್ಲಿ ಬಹುಭಾಗ ಸಂತೆಯ ಮಾರಾಟಕ್ಕಿಂತ ವಿನಿಮಯದ ಮೂಲಕವೇ ಕೈಯಿಂದ ಕೈಗೆ ಸಾಗಿದವು; ಕೆಲವು ಧಾನ್ಯಕ್ಕೆ ಬದಲಾಗಿ, ಕೆಲವು ಮತ್ತೊಂದು ವಸ್ತುವಿಗೆ ಬದಲಾಗಿ, ಕೆಲವು ಮುಂದೆಂದೋ ಹಿಂದಿರುಗಬೇಕಾದ ಉಡುಗೊರೆಯಾಗಿ.

ಇಂತಹ ಕಸುಬುಗಳು ಕ್ಷೀಣಿಸಿದುದಕ್ಕೆ ಯಂತ್ರದ ಪೈಪೋಟಿಯನ್ನೂ ಜನರ ಅಭಿರುಚಿಯ ಬದಲಾವಣೆಯನ್ನೂ ಕಾರಣವೆಂದು ಹೇಳುವುದು ರೂಢಿ. ಆ ಕಾರಣಗಳು ಸುಳ್ಳಲ್ಲ. ಆದರೆ ಅವು ಸಾಲವು. ‘ಉಳಿಕೆ’ ಎಂಬುದು ತನ್ನಷ್ಟಕ್ಕೆ ತಾನೇ ಉಳಿಯುವುದಿಲ್ಲ. ಯಾವುದನ್ನು ಯಾರು ಉಳಿಸಿಕೊಳ್ಳಬಹುದು ಎಂಬುದನ್ನು ಗೇಣಿ, ಅಳತೆ, ಜಾತಿ, ಕಾನೂನು, ಮಾರುಕಟ್ಟೆ ಇವು ಗೊತ್ತುಮಾಡುತ್ತವೆ. ಉಳಿಕೆಯ ಮೇಲಿನ ಹಕ್ಕು ಕದಲಿದಾಗಲೆಲ್ಲ ಅದನ್ನು ಆಶ್ರಯಿಸಿದ ಕಸುಬೂ ಕದಲಿತು ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ವಿನಿಮಯದ ಮೂರು ಬಗೆ

ವಿಷಯಕ್ಕೆ ಪ್ರವೇಶಿಸುವ ಮುನ್ನ ವಿನಿಮಯ ಎಂಬ ಒಂದೇ ಮಾತಿನಡಿ ಅಡಗಿರುವ ಮೂರು ಪದ್ಧತಿಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯ.

ಮೊದಲನೆಯದು ಆಯ. ಸುಗ್ಗಿಯ ಕಾಲದಲ್ಲಿ ಕಣದಲ್ಲಿ ರಾಶಿಯಾದ ಧಾನ್ಯದಿಂದ ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾವಿದ ಮುಂತಾದ ಆಯಗಾರರು ತಮ್ಮ ವರ್ಷದ ಸೇವೆಗೆ ಪ್ರತಿಯಾಗಿ ಪಾಲು ಪಡೆಯುತ್ತಿದ್ದರು. ಇಲ್ಲಿ ವಸ್ತುವಿಗೆ ಪ್ರತ್ಯೇಕ ಬೆಲೆಯಿಲ್ಲ. ಪಾಲು ಮನೆತನಕ್ಕೆ ಸಂಬಂಧಿಸಿದ್ದು, ವಂಶಪಾರಂಪರ್ಯವಾದದ್ದು. ಎರಡನೆಯದು ಬದಲು. ಊರೂರು ತಿರುಗುವ ಕಸುಬುದಾರರು ಬುಟ್ಟಿ, ಚಾಪೆ, ಮೊರ, ಸೂಜಿ, ಮಣಿಗಳನ್ನು ತಂದು, ಭತ್ತವನ್ನೋ ಅಕ್ಕಿಯನ್ನೋ ಹಳೆಯ ಬಟ್ಟೆಯನ್ನೋ ಕೊಂಡುಹೋಗುವುದು ಈ ಬಗೆ. ಇಲ್ಲಿ ಚೌಕಾಸಿಗೆ ಎಡೆಯುಂಟು. ಸಂಬಂಧ ಅಲ್ಲಿಗೇ ಮುಗಿಯಲೂಬಹುದು.

ಮೂರನೆಯದು ಮುಯ್ಯಿ. ಈ ಕನ್ನಡ ಪದದ ಅರ್ಥವ್ಯಾಪ್ತಿ ಗಮನಾರ್ಹವಾದುದು. ಮದುವೆಯಲ್ಲಿ ಓದಿಸುವ ಉಡುಗೊರೆಯೂ ಮುಯ್ಯಿ. ಇವರ ಗದ್ದೆಯ ನಾಟಿಗೆ ಅವರು, ಅವರ ಗದ್ದೆಯ ನಾಟಿಗೆ ಇವರು ಬಂದು ದುಡಿದರೆ ಅದು ಮುಯ್ಯಾಳು. ಹಗೆ ತೀರಿಸಿದರೆ ಅದೂ ಮುಯ್ಯಿಗೆ ಮುಯ್ಯಿ. ಕೊಟ್ಟದ್ದು ಹಿಂದಿರುಗಬೇಕು, ಆದರೆ ಕೂಡಲೇ ಹಿಂದಿರುಗಬಾರದು ಎಂಬ ತತ್ತ್ವ ಈ ಮೂರಕ್ಕೂ ಸಮಾನ. ನಡುವಣ ಕಾಲವೇ ಸಂಬಂಧವನ್ನು ಹಿಡಿದಿಡುತ್ತದೆ. ಗೌರಿಯ ಹಬ್ಬದ ಮೊರದ ಬಾಗಿನ, ತೊಟ್ಟಿಲ ಸಮಾರಂಭಕ್ಕೆ ಒಯ್ಯುವ ಕುಲಾವಿ ಮತ್ತು ಪುಟ್ಟ ಕೌದಿ, ಹೊಸ ಸೊಸೆಯ ಕೈಗೆ ಬರುವ ಸಂಚಿ, ಇವು ಮುಯ್ಯಿಯ ವಲಯಕ್ಕೆ ಸೇರಿದವು. ಈ ವಲಯದಲ್ಲಿ ಪ್ರಧಾನ ಪಾತ್ರ ಸ್ತ್ರೀಯರದು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ವಿನಿಮಯವೆಂದೊಡನೆ ಅದು ಸಮಾನರ ನಡುವಣ ಸೌಹಾರ್ದವೆಂದು ಭಾವಿಸುವ ಅಪಾಯವಿದೆ. ಗ್ರಾಮದಲ್ಲಿ ಸತ್ತ ದನದ ಮೇಲಿನ ‘ಹಕ್ಕು’ ಯಾರದಾಗಿತ್ತೆಂಬುದನ್ನು ನೆನೆದರೆ ಈ ಭ್ರಮೆ ಹರಿಯುತ್ತದೆ. ಸತ್ತ ದನವನ್ನು ಎಳೆದೊಯ್ಯುವ ಕೆಲಸವನ್ನು ದಲಿತ ಕುಟುಂಬಗಳ ಮೇಲೆ ಹೊರಿಸಿ, ಅದರ ಚರ್ಮವನ್ನು ಅವರಿಗೆ ಬಿಡಲಾಗಿತ್ತು. ಆ ಚರ್ಮದಿಂದ ಅವರು ಮಾಡಿಕೊಟ್ಟ ಮೆಟ್ಟು, ಮಿಣಿ, ಬಾರುಕೋಲು ಒಕ್ಕಲುತನಕ್ಕೆ ಅನಿವಾರ್ಯ. ಅದಕ್ಕೆ ಪ್ರತಿಯಾಗಿ ಕಣದಲ್ಲಿ ಕಾಳೂ ದೊರೆಯುತ್ತಿತ್ತು. ಆದರೆ ಆ ಉಳಿಕೆಯ ಜೊತೆಗೆ ಅಸ್ಪೃಶ್ಯತೆಯನ್ನೂ ಅವರ ಪಾಲಿಗೆ ಹಚ್ಚಲಾಗಿತ್ತು. ೧೯೨೭ರ ಮಹಾಡ್ ಸತ್ಯಾಗ್ರಹದ ಸಂದರ್ಭದಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಸತ್ತ ದನದ ಮಾಂಸವನ್ನು ತ್ಯಜಿಸುವಂತೆ ತಮ್ಮ ಜನರಿಗೆ ನೀಡಿದ ಕರೆಯನ್ನು, ಹೇರಲ್ಪಟ್ಟ ಉಳಿಕೆಯ ನಿರಾಕರಣೆ ಎಂದೇ ಅರ್ಥಮಾಡಿಕೊಳ್ಳಬೇಕು. ಉಳಿಕೆಯನ್ನು ಪಡೆಯುವ ಹಕ್ಕಿನಷ್ಟೇ ಅದನ್ನು ಒಲ್ಲೆನೆನ್ನುವ ಹಕ್ಕೂ ಚರಿತ್ರೆಯ ವಸ್ತು.

೩. ಶಾಸನದ ಮೌನ, ವಚನದ ಮಾತು

ಕಲ್ಯಾಣ ಚಾಲುಕ್ಯರ ಕಾಲಕ್ಕೆ ಬಳ್ಳಿಗಾವೆ ದಕ್ಷಿಣಾಪಥದ ದೊಡ್ಡ ವರ್ತಕಕೇಂದ್ರಗಳಲ್ಲಿ ಒಂದಾಗಿತ್ತು. ಆ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ಸುಂಕಗಳ ಹೆಸರುಗಳೂ ಮಗ್ಗದೆರೆ, ಗಾಣದೆರೆಗಳಂತಹ ಕಸುಬಿನ ತೆರಿಗೆಗಳೂ ಬರುತ್ತವೆ. ಈ ತೆರಿಗೆಗಳ ಸ್ವರೂಪವನ್ನು ಪರಿಶೀಲಿಸಿದರೆ ಒಂದು ಅಂಶ ವಿದಿತವಾಗುತ್ತದೆ. ಎಣಿಸಬಹುದಾದ ಉಪಕರಣವಿದ್ದಲ್ಲಿ, ಹೇರಾಗಿ ಸಾಗಿಸಬಹುದಾದ ಸರಕಿದ್ದಲ್ಲಿ ತೆರಿಗೆಯುಂಟು. ಮಗ್ಗವನ್ನು ಎಣಿಸಬಹುದು; ಗಾಣವನ್ನು ಎಣಿಸಬಹುದು; ಎತ್ತಿನ ಹೇರನ್ನು ತಡೆದು ನಿಲ್ಲಿಸಬಹುದು. ಆದರೆ ಒಂದು ಸೂಜಿಯಿಂದ ನಡೆಯುವ ಕೌದಿಯ ಕೆಲಸವನ್ನಾಗಲಿ, ಬರಿಗೈಯಿಂದ ನಡೆಯುವ ಸಿಂಬಿಯ ಕೆಲಸವನ್ನಾಗಲಿ ಎಣಿಸುವ ಬಗೆಯೆಂತು? ತೆರಿಗೆಗೆ ಸಿಕ್ಕದ್ದು ಬರಹಕ್ಕೂ ಸಿಕ್ಕಲಿಲ್ಲ. ಆದಕಾರಣ ಶಾಸನದ ಮೌನವನ್ನು ಕಸುಬಿನ ಅಭಾವವೆಂದು ತಿಳಿಯುವುದು ಯುಕ್ತವಲ್ಲ.

ಇದೇ ಸೀಮೆಗೆ ಪರಂಪರೆಯು ಎರಡು ದೊಡ್ಡ ಹೆಸರುಗಳನ್ನು ಜೋಡಿಸಿದೆ: ಬಳ್ಳಿಗಾವೆಯ ಅಲ್ಲಮಪ್ರಭು, ಶಿಕಾರಿಪುರದ ಬಳಿಯ ಉಡುತಡಿಯ ಅಕ್ಕಮಹಾದೇವಿ. ಇವರ ಸಮಕಾಲೀನರ ಬಳಗದಲ್ಲಿ ಸಣ್ಣ ಕಸುಬುಗಳಿಗೆ ಶಾಸನಗಳಲ್ಲಿ ದೊರೆಯದ ಮನ್ನಣೆ ದೊರೆತಿದೆ. ಸೂಜಿಕಾಯಕದ ರಾಮಿತಂದೆ ಎಂಬ ಹೆಸರೇ ಇದಕ್ಕೆ ಸಾಕ್ಷಿ. ನುಲಿಯ ಚಂದಯ್ಯ ಕೆರೆಯಂಚಿನ ಹುಲ್ಲನ್ನು ಕೊಯ್ದು, ಹಗ್ಗ ಹೊಸೆದು, ಅದರಿಂದ ಬಂದುದರಲ್ಲಿ ಜಂಗಮದಾಸೋಹ ನಡೆಸಿದವನು. ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗಳ ಕಥೆಯಂತೂ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚಾಗಿ ಆಯ್ದು ತಂದಾಗ, ಆ ಹೆಚ್ಚಿನದನ್ನು ಹಿಂದಕ್ಕೆ ಒಪ್ಪಿಸಿ ಬರುವಂತೆ ಲಕ್ಕಮ್ಮ ಪತಿಯನ್ನು ಕಳುಹಿಸಿದಳೆಂದು ಪ್ರತೀತಿ.

ಈ ಕಥೆಯನ್ನು ನಿರಾಶೆಯ, ಅಂದರೆ ಆಸೆಯಿಲ್ಲದಿರುವಿಕೆಯ, ಉಪದೇಶವೆಂದು ತರಗತಿಗಳಲ್ಲಿ ವಿವರಿಸುತ್ತೇವೆ. ಆರ್ಥಿಕ ಚರಿತ್ರೆಯ ದೃಷ್ಟಿಯಿಂದ ಅದರಲ್ಲಿ ಮತ್ತೊಂದು ಅರ್ಥವೂ ಉಂಟು. ಉಳಿಕೆಯನ್ನು ಆಯುವುದಕ್ಕೂ ಒಂದು ಅಳತೆಯಿದೆ. ಅದನ್ನು ಮೀರಿದರೆ ಆಯ್ದದ್ದು ಕಾಯಕವಾಗಿ ಉಳಿಯದೆ ಸಂಗ್ರಹವಾಗುತ್ತದೆ. ಈ ಅಳತೆಯನ್ನು ಗೊತ್ತುಮಾಡಿದವಳು ಆಯುವ ಮನೆಯ ಹೆಂಗಸೇ ಎಂಬುದು ಮುಖ್ಯ. ಇತರರು ಆಕೆಯ ಪಾಲಿಗೆ ಅಳತೆ ಹಾಕಿದಾಗ ಏನಾಯಿತೆಂಬುದನ್ನು ಮುಂದಿನ ಭಾಗಗಳಲ್ಲಿ ಕಾಣಬಹುದು.

೪. ಕಣದ ಉಳಿಕೆ: ಹುಲ್ಲು, ತೆನೆ, ಬುಟ್ಟಿ

ಸೊರಬ, ಸಾಗರ, ಶಿಕಾರಿಪುರಗಳ ಅರೆಮಲೆನಾಡು ಮುಖ್ಯವಾಗಿ ಕೆರೆ ಮತ್ತು ಭತ್ತದ ನಾಡು. ಕೆಳದಿಯ ಶಿವಪ್ಪನಾಯಕನ (೧೬೪೫–೬೦) ಶಿಸ್ತು ಇಲ್ಲಿಯ ಭೂಮಿಯನ್ನು ದರ್ಜೆಗಳಾಗಿ ವಿಂಗಡಿಸಿ ಕಂದಾಯವನ್ನು ನಿಗದಿಗೊಳಿಸಿತು. ೧೮೦೧ರಲ್ಲಿ ಬನವಾಸಿ, ಚಂದ್ರಗುತ್ತಿ, ಕೆಳದಿ, ಇಕ್ಕೇರಿಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಗೇಣಿ, ಕೂಲಿ, ಅಳತೆಗಳನ್ನು ವಿಚಾರಿಸಿ ಬರೆದುಕೊಂಡನು. ಈ ಎರಡೂ ದಾಖಲೆಗಳ ದೃಷ್ಟಿ ಕಾಳಿನ ಮೇಲೆ. ಕಾಳನ್ನು ಅಳೆದ ಮೇಲೆ ಕಣದಲ್ಲಿ ಉಳಿಯುವ ಹುಲ್ಲು, ಜಳ್ಳು, ನುಚ್ಚು, ಒಂದೆರಡು ಹಿಡಿ ತೆನೆ ಇವುಗಳಿಂದಲೇ ಒಕ್ಕಲು ಮನೆಯ ಹೆಂಗಸರ ಕಲೆ ಬೆಳೆದದ್ದು.

ಈ ಸೀಮೆಯ ದೀವರ ಮನೆಗಳ ಹಸೆ ಚಿತ್ತಾರವು ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಬಿಳಿ ಬಣ್ಣ ಅಕ್ಕಿಯ ಹಿಟ್ಟಿನದು. ಕಪ್ಪು ಬಣ್ಣ ಹುರಿದು ಕರಕಲು ಮಾಡಿದ ಅಕ್ಕಿಯದು. ಕೆಂಪು ನೆಲದ ಕೆಮ್ಮಣ್ಣಿನದು. ಹಳದಿ ಗುರಿಗೆ ಕಾಯಿಯದು. ಕುಂಚವು ಪುಂಡಿಯ ನಾರು. ಕೊಂಡು ತರಬೇಕಾದ ದ್ರವ್ಯ ಇದರಲ್ಲಿ ಒಂದೂ ಇಲ್ಲ. ಆಶ್ವಯುಜದ ಭೂಮಿ ಹುಣ್ಣಿಮೆಯಂದು ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯೂ ಇದೇ ಬಗೆಯದು. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿಹಿಟ್ಟಿನ ಗೆರೆಗಳಲ್ಲಿ ಚಿತ್ತಾರವನ್ನು ಎಳೆಯುತ್ತಾರೆ, ದೊಡ್ಡದೊಂದು, ಸಣ್ಣದೊಂದು. ಬಸುರಿಯ ಬಯಕೆಯನ್ನು ತೀರಿಸುವಂತೆ ಹೊಡೆ ತುಂಬಿದ ಪೈರಿಗೆ ಉಣಬಡಿಸುವುದು ಈ ಹಬ್ಬದ ಆಶಯ. ಸುಗ್ಗಿಯಾದ ಮೇಲೆ ಆಯ್ದು ತೆಗೆದಿಟ್ಟ ತೆನೆಗಳನ್ನು ಹೆಣೆದು ಬಾಗಿಲಿಗೆ ತೋರಣ ಕಟ್ಟುತ್ತಾರೆ. ಬುಟ್ಟಿಯನ್ನು ಹೆಣೆದುಕೊಡುವ ಮೇದರಿಗೆ ಭತ್ತ ಅಳೆದು ಕೊಡುವುದು ಬದಲಿನ ಬಗೆ. ಗೆರೆ ಎಳೆಯಬಲ್ಲ ಹೆಂಗಸನ್ನು ಮದುವೆಯ ಮನೆಗೆ ಕರೆಯುವುದು ಮುಯ್ಯಿಯ ಬಗೆ. ಒಂದೇ ವಸ್ತುವಿನಲ್ಲಿ ಎರಡು ವಿನಿಮಯಗಳು ಕೂಡಿಕೊಂಡಿರುವುದು ಹೀಗೆ.

ಆದರೆ ಒಕ್ಕಲಿನ ಮನೆಯಲ್ಲಿ ಉಳಿದದ್ದೆಷ್ಟು? ದೀವರಲ್ಲಿ ಬಹುಮಂದಿ ಗೇಣಿದಾರರಾಗಿದ್ದರು. ಈ ಪ್ರಶ್ನೆಗೆ ಉತ್ತರವಾಗಿ ನಿಲ್ಲುವ ಘಟನೆ ೧೯೫೧ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಆರಂಭವಾದ ಸತ್ಯಾಗ್ರಹ. ಎಚ್. ಗಣಪತಿಯಪ್ಪನವರ ಮುಂದಾಳುತನದ ರೈತ ಸಂಘವು ಎತ್ತಿದ ಬೇಡಿಕೆಗಳಲ್ಲಿ ಗೇಣಿಗೆ ರಸೀದಿ, ಬಿಟ್ಟಿ ಚಾಕರಿಯ ರದ್ದು ಇವುಗಳೊಂದಿಗೆ ಕೊಳಗದ ಪ್ರಶ್ನೆಯೂ ಪ್ರಧಾನವಾಗಿತ್ತು. ಗೇಣಿಯನ್ನು ಅಳೆದುಕೊಳ್ಳಲು ಒಡೆಯರು ಬಳಸುತ್ತಿದ್ದ ಕೊಳಗವು ವಾಡಿಕೆಯ ಕೊಳಗಕ್ಕಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗವೊಂದಕ್ಕೆ ಒಂದು ಹಿಡಿಯಷ್ಟೇ ಹೆಚ್ಚು ಹಿಡಿದರೂ, ಹತ್ತು ಖಂಡುಗ ಗೇಣಿ ಅಳೆಯುವ ಹೊತ್ತಿಗೆ ಇನ್ನೂರು ಹಿಡಿ ಭತ್ತ ಕಣದಿಂದ ಹೊರಟುಹೋಗುತ್ತದೆ. ಅದು ಆ ಮನೆಯ ಉಳಿಕೆ. ಆ ವರ್ಷದ ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದು ಬಂಧನಕ್ಕೊಳಗಾದುದರಿಂದ ಈ ಹೋರಾಟ ದೇಶದ ಗಮನವನ್ನು ಸೆಳೆಯಿತು. ರಾಜಕೀಯ ಚರಿತ್ರೆಯಲ್ಲಿ ಅದನ್ನು ಭೂಸುಧಾರಣೆಯ ಮುನ್ನುಡಿಯಾಗಿ ಓದುತ್ತೇವೆ. ೧೯೬೧ರ ಭೂಸುಧಾರಣಾ ಕಾಯಿದೆಗೆ ಬಂದು ೧೯೭೪ರ ಮಾರ್ಚ್ ೧ರಿಂದ ಜಾರಿಯಾದ ತಿದ್ದುಪಡಿಯಿಂದ ಗೇಣಿಪದ್ಧತಿ ರದ್ದಾಯಿತು. ಕಸುಬಿನ ಚರಿತ್ರೆಯಲ್ಲಿ ಅದೇ ಹೋರಾಟವನ್ನು ಉಳಿಕೆಯ ಹಕ್ಕಿನ ಹೋರಾಟವಾಗಿಯೂ ಓದಬೇಕು.

ಹಾಗಿದ್ದರೆ ೧೯೭೪ರ ಅನಂತರ ಕಣದ ಕಲೆ ಬೆಳೆಯಬೇಕಾಗಿತ್ತಲ್ಲವೆ ಎಂದು ಕೇಳಬಹುದು. ಹಕ್ಕು ಬಂದಿತು, ಆದರೆ ದ್ರವ್ಯವೇ ಬದಲಾಯಿತು. ೧೯೬೬ರಲ್ಲಿ ಫಿಲಿಪೀನ್ಸಿನ ಸಂಶೋಧನಾ ಸಂಸ್ಥೆಯಿಂದ ಹೊರಬಂದ ಐ.ಆರ್. ೮ ಮತ್ತು ಅದರ ಪೀಳಿಗೆಯ ಗಿಡ್ಡ ತಳಿಗಳು ಕಾಳನ್ನು ಹೆಚ್ಚಿಸಿ ಹುಲ್ಲನ್ನು ಕುಗ್ಗಿಸಿದವು. ಹೆಣೆಯಲು ಬೇಕಾದುದು ಉದ್ದನೆಯ, ಬಳುಕುವ ಹುಲ್ಲು. ಮುಂದೆ ಕೊಯ್ಲಿನ ಯಂತ್ರ ಬಂದ ಕಡೆ ಹುಲ್ಲು ನುಗ್ಗಾಗಿ ಗದ್ದೆಯಲ್ಲೇ ಬಿತ್ತು. ಸೊರಬ–ಶಿಕಾರಿಪುರಗಳ ಎಷ್ಟೋ ಗದ್ದೆಗಳಲ್ಲಿ ಭತ್ತದ ಸ್ಥಾನಕ್ಕೆ ಮುಸುಕಿನ ಜೋಳ, ಶುಂಠಿ, ಅಡಕೆ ಬಂದಿವೆ. ಗೋಡೆಗಳು ಸಿಮೆಂಟಿನವಾದ ಮೇಲೆ ಚಿತ್ತಾರವು ಬಟ್ಟೆಗೂ ಕಾಗದಕ್ಕೂ ಏರಿ ಪೇಟೆಯ ವಸ್ತುವಾಗಿದೆ. ಇದರಿಂದ ಕಲಾವಿದೆಯರಿಗೆ ಹೆಸರೂ ಸಂಪಾದನೆಯೂ ದೊರೆತಿರುವುದು ಸಂತೋಷದ ಸಂಗತಿಯೇ. ಆದರೆ ಆ ಚಿತ್ತಾರಕ್ಕೆ ಈಗ ಮುಯ್ಯಿಯ ಸಂಬಂಧವಿಲ್ಲ ಎಂಬುದನ್ನೂ ದಾಖಲಿಸಬೇಕಾಗುತ್ತದೆ.

೫. ಬಟ್ಟೆಯ ಉಳಿಕೆ: ಕೌದಿ ಮತ್ತು ಸಂಚಿ

ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಮುಖವಾಗಿ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋದರೆ ಕೌದಿ. ಯೋಗಿಗಳು ಹೊದೆಯುವ ತೇಪೆಯ ಅರಿವೆಗೆ ನಮ್ಮ ಪ್ರಾಚೀನರು ‘ಕಂಥೆ’ ಎಂಬ ಸಂಸ್ಕೃತ ಪದವನ್ನು ಬಳಸಿದ್ದಾರೆ. ಬಂಗಾಳದ ‘ಕಾಂಥಾ’ ಅದೇ ಮಾತು. ಅಲ್ಲಿಯ ಹೆಂಗಸರು ಹಳೆಯ ಸೀರೆಯ ಅಂಚಿನಿಂದ ನೂಲನ್ನು ಬಿಚ್ಚಿ ಅದರಿಂದಲೇ ಹೊಲಿಯುತ್ತಿದ್ದರು. ಅಂದರೆ ನೂಲು ಕೂಡ ಉಳಿಕೆಯೇ. ಜಡೆಗೆ ನೆರೆಯದಾದ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡು, ಯಲ್ಲಾಪುರ, ಹಳಿಯಾಳಗಳಲ್ಲಿ ಆಫ್ರಿಕ ಮೂಲದ ಸಿದ್ದಿ ಸ್ತ್ರೀಯರು ಹೊಲಿಯುವ ಕೌದಿಗೆ ಮೂಲೆಗಳಲ್ಲಿ ಮಡಿಸಿದ ತ್ರಿಕೋನದ ‘ಫೂಲ’ಗಳು ಇರಲೇಬೇಕು, ಅವಿಲ್ಲದ ಕೌದಿ ಅವರ ಕಣ್ಣಿಗೆ ಅಪೂರ್ಣ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಅಧ್ಯಯನದ ಫಲವಾಗಿ ಈ ಕೌದಿಗಳು ೨೦೧೧ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾದವು.

ಕೌದಿಯ ವಿನಿಮಯಕ್ಕೆ ಎರಡು ಮುಖ. ಮನೆಯ ಅಜ್ಜಿ ಹೊಲಿದರೆ ಅದು ಮಗಳ ಬಾಣಂತನಕ್ಕೆ, ಮೊಮ್ಮಗುವಿನ ತೊಟ್ಟಿಲಿಗೆ ಹೋಗುವ ಮುಯ್ಯಿ. ಹೊಲಿಯುವ ಕಸುಬಿನ ಹೆಂಗಸರು ಬೇಸಗೆಯಲ್ಲಿ ಊರಿಗೆ ಬಂದು ಜಗಲಿಯ ಮೇಲೆ ಕುಳಿತು ಹೊಲಿದುಕೊಟ್ಟರೆ ಅದಕ್ಕೆ ಜೋಳವೋ ಅಕ್ಕಿಯೋ, ಜೊತೆಗೆ ಊ‌ಟವೂ ಒಂದು ಹಳೆಯ ಸೀರೆಯೂ ಸಂದಾಯವಾಗುತ್ತಿತ್ತು, ಇದು ಬದಲು. ಎರಡರಲ್ಲೂ ಬಟ್ಟೆ ಮನೆಯದೇ. ಆದ್ದರಿಂದ ಕೌದಿಯ ಮೇಲೆ ಮನೆಮಂದಿಯ ಗುರುತು ಉಳಿಯುತ್ತದೆ: ಇದು ತೀರಿಕೊಂಡ ಅತ್ತೆಯ ಸೀರೆ, ಇದು ಮಗನ ಮೊದಲ ಅಂಗಿ ಎಂದು ತುಂಡು ತುಂಡಾಗಿ ಓದಬಹುದು. ಲಿಖಿತ ವಂಶಾವಳಿಯಿಲ್ಲದ ಮನೆತನಗಳಿಗೆ ಇದೊಂದು ಬಗೆಯ ದಾಖಲೆ.

ಕೌದಿಗೂ ಸಾಲದ ಚೂರುಗಳಿಂದ ಸಂಚಿ ತಯಾರಾಗುತ್ತದೆ. ಅಡಕೆಯ ನಾಡಿನಲ್ಲಿ ಸಂಚಿ ಅತ್ಯಾವಶ್ಯಕ. ಎಲೆಗೊಂದು, ಅಡಕೆಗೊಂದು, ಸುಣ್ಣದ ಡಬ್ಬಿಗೊಂದು, ಚಿಲ್ಲರೆಗೊಂದು ಎಂದು ಒಳಜೇಬುಗಳು, ಬಾಯಿಗೆ ಎಳೆದು ಬಿಗಿಯುವ ದಾರ. ಚಿಕ್ಕದೇವರಾಜ ಒಡೆಯರ ಕಾಲದ ಕವಯಿತ್ರಿ ಹೊನ್ನಮ್ಮನಿಗೆ ‘ಸಂಚಿಯ’ ಎಂಬ ವಿಶೇಷಣ ಬಂದದ್ದು ಅರಮನೆಯ ಸಂಚಿಯ ಊಳಿಗದಿಂದ. ಅರಮನೆಯಲ್ಲಿ ಊಳಿಗದ ಕುರುಹಾದ ವಸ್ತುವೇ ಹಳ್ಳಿಯಲ್ಲಿ ಗೆಳತಿಯರ ನಡುವಣ ಉಡುಗೊರೆಯಾಗಿತ್ತು. ಶಿಕಾರಿಪುರ, ಸೊರಬಗಳ ತಾಂಡಾಗಳಲ್ಲಿ ಲಂಬಾಣಿ ಸ್ತ್ರೀಯರು ಚೂರು ಬಟ್ಟೆ, ಕನ್ನಡಿ, ಕವಡೆ, ಹಳೆಯ ನಾಣ್ಯಗಳನ್ನು ಕೂಡಿಸಿ ಮಾಡುವ ಚೀಲಗಳು ಈ ಕುಶಲತೆಯ ಇನ್ನೊಂದು ಶಾಖೆ. ಕರಾವಳಿಯ ಉಪ್ಪನ್ನೂ ಬಯಲಿನ ಧಾನ್ಯವನ್ನೂ ಎತ್ತುಗಳ ಮೇಲೆ ಸಾಗಿಸುತ್ತಿದ್ದ ಆ ಜನರ ಸಂಚಾರಜೀವನವು ರಸ್ತೆ, ರೈಲುಗಳು ಬಂದ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಮುರಿದುಬಿತ್ತು. ದಾರಿಯ ವ್ಯಾಪಾರದಲ್ಲಿ ಕೈಸೇರಿದ ಕವಡೆ–ನಾಣ್ಯಗಳು ಉಡುಪಿನ ಮೇಲೆ ಉಳಿದವು.

ಬಟ್ಟೆಯ ಉಳಿಕೆಯ ಮೇಲಿನ ಹಕ್ಕನ್ನು ಬದಲಾಯಿಸಿದುದು ಕಾನೂನಲ್ಲ, ಪಾತ್ರೆಯ ವ್ಯಾಪಾರ. ಹಳೆಯ ಸೀರೆ, ಪಂಚೆಗಳನ್ನು ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬರತೊಡಗಿದ ಮೇಲೆ, ಅಲ್ಲಿಯವರೆಗೆ ಬೆಲೆಯಿಲ್ಲದ ಹಳೆಯ ಸೀರೆಗೆ ಬೆಲೆ ಬಂತು. ಇದೂ ವಿನಿಮಯವೇ, ಹೆಂಗಸರೇ ಮುಂದೆ ನಿಂತು ಚೌಕಾಸಿ ಮಾಡಿದ ವಿನಿಮಯ. ಆದರೆ ಬೆಲೆ ಬಂದೊಡನೆ ಸೀರೆ ಕೌದಿಗೆ ಸಿಗದಾಯಿತು. ಉಳಿದ ನೈಲಾನ್, ಪಾಲಿಯೆಸ್ಟರ್ ಸೀರೆಗಳು ಬೆವರನ್ನು ಹೀರವು. ಗಿರಣಿಯ ಕಂಬಳಿ ಅಗ್ಗವಾಗಿ ದೊರೆಯಿತು. ಕೌದಿಯ ಹಿನ್ನಡೆಗೆ ಕಂಬಳಿಯೊಂದನ್ನೇ ಹೊಣೆ ಮಾಡಿದರೆ ಹೆಂಗಸರು ತಾವೇ ಮಾಡಿಕೊಂಡ ಈ ಆಯ್ಕೆಯನ್ನು ಮರೆತಂತಾಗುತ್ತದೆ. ವರ್ಷಗಟ್ಟಲೆ ರಾತ್ರಿ ಕುಳಿತು ಹೊಲಿಯುವುದಕ್ಕಿಂತ ಒಂದು ಬೋಗುಣಿ ಮೇಲೆಂದು ಅವರಿಗೆ ಕಂಡಿದ್ದರೆ, ಅದರಲ್ಲಿ ತಪ್ಪೆಣಿಸುವ ಅಧಿಕಾರ ಇತಿಹಾಸಕಾರನಿಗಿಲ್ಲ.

೬. ಕಾಡು–ಕೆರೆಗಳ ಉಳಿಕೆ: ಗಂಧ ಮತ್ತು ಬೆಂಡು

ಸೊರಬ ಮತ್ತು ಸಾಗರಗಳ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಲೋಕಪ್ರಸಿದ್ಧರು. ರೈಸ್ ಅವರ ೧೮೯೭ರ ಮೈಸೂರು ಗ್ಯಾಸೆಟಿಯರು ಇವರ ಕುಸುರಿ ಕೆಲಸವನ್ನು ವಿಶೇಷವಾಗಿ ಉಲ್ಲೇಖಿಸಿದೆ. ತಾವು ಗೋವೆಯಿಂದ ವಲಸೆ ಬಂದವರೆಂಬುದು ಅವರ ಪರಂಪರಾಗತ ಹೇಳಿಕೆ. ಪೆಟ್ಟಿಗೆ, ಮಂಟಪ, ವಿಗ್ರಹಗಳಿಂದ ಅವರಿಗೆ ಕೀರ್ತಿ ಬಂದಿತಾದರೂ, ಊರಿನವರಿಗೆ ಅವರ ಅಗತ್ಯ ಬೀಳುತ್ತಿದ್ದುದು ಬಾಸಿಂಗಕ್ಕಾಗಿ. ಕೆರೆ, ಜೌಗುಗಳಲ್ಲಿ ತಾನಾಗಿ ಬೆಳೆಯುವ ಬೆಂಡಿನ ಗಿಡದ ಹಗುರವಾದ ಬಿಳಿಯ ತಿರುಳನ್ನು ಹಾಳೆಯಂತೆ ಸೀಳಿ, ಕತ್ತರಿಸಿ, ಬಣ್ಣ ಹಚ್ಚಿ, ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗವನ್ನೂ ಹೂವಿನ ದಂಡೆಯನ್ನೂ ಅವರು ಮಾಡಿಕೊಡುತ್ತಿದ್ದರು. ಗಂಧ ಅರಮನೆಗೆ ಮತ್ತು ಪರದೇಶಕ್ಕೆ, ಬೆಂಡು ಊರಿಗೆ: ಒಂದೇ ಕೈ ಎರಡು ಲೋಕಗಳಿಗೆ ದುಡಿಯಿತು.

ಬೆಂಡಿಗೆ ಒಡೆಯರಿರಲಿಲ್ಲ, ಗಂಧಕ್ಕಿದ್ದರು. ೧೭೯೨ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಮರ ಯಾರ ಹಿತ್ತಲಲ್ಲಿ ಬೆಳೆದರೂ ಅದರ ಒಡೆತನ ಸರ್ಕಾರದ್ದು. ಮೈಸೂರು ಸಂಸ್ಥಾನ ಈ ಏಕಸ್ವಾಮ್ಯವನ್ನು ಮುಂದುವರಿಸಿತು. ಮೈಸೂರಿನಲ್ಲಿ ೧೯೧೬ರಲ್ಲಿ, ಶಿವಮೊಗ್ಗದಲ್ಲಿ ೧೯೪೪ರಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ಸ್ಥಾಪಿತವಾದವು. ಈ ಏಕಸ್ವಾಮ್ಯದ ಅತ್ಯಂತ ಸೂಕ್ಷ್ಮವಾದ ಸಾಕ್ಷ್ಯವೆಂದರೆ ಹರಾಜಿಗಾಗಿ ಮಾಡುತ್ತಿದ್ದ ಮರದ ವರ್ಗೀಕರಣ. ಅದರಲ್ಲಿ ೧೮ ದರ್ಜೆಗಳು. ಉತ್ತಮ ಕೊರಡಿನಿಂದ ಮೊದಲ್ಗೊಂಡು ಬೇರು, ಚಕ್ಕೆಗಳವರೆಗೆ ಇಳಿದು, ಕಟ್ಟಕಡೆಗೆ ಗರಗಸದ ಹುಡಿಯವರೆಗೆ. ಹುಡಿಗೂ ಒಂದು ದರ್ಜೆ, ಒಂದು ದರ. ಎಣ್ಣೆ ಮತ್ತು ಊದುಬತ್ತಿಯ ಉದ್ಯಮಗಳು ಬೆಳೆದ ಮೇಲೆ ಗಂಧದಲ್ಲಿ ಉಳಿಕೆ ಎಂಬುದೇ ಇಲ್ಲವಾಯಿತು.

ಗುಡಿಗಾರನು ಸರ್ಕಾರದಿಂದ ಕೊಂಡ ತುಂಡನ್ನು ಕೆತ್ತುವಾಗ ತನ್ನ ಉಳಿಯ ಕೆಳಗೆ ಬಿದ್ದದ್ದು ಮಾತ್ರ ಅವನದಾಗಿ ಉಳಿಯಿತು. ಆ ಸಣ್ಣ ಅವಕಾಶದಿಂದಲೇ ಮಣಿ, ಓಲೆಗರಿಯಷ್ಟು ತೆಳುವಾದ ಹೊಪ್ಪಳಿಕೆಗಳನ್ನು ಸುರುಳಿ ಸುತ್ತಿ ಕಟ್ಟಿದ ಗಂಧದ ಹಾರ ಮುಂತಾದವು ರೂಪುಗೊಂಡವು. ನಾಡಿನ ಸಭೆಗಳಲ್ಲಿ ಗಣ್ಯರ ಕೊರಳಿಗೆ ಬೀಳುವ ಗಂಧದ ಹಾರ ಮೂಲತಃ ಕೆತ್ತನೆಯ ಕಸ. ೧೯೬೪ರಲ್ಲಿ ಆರಂಭವಾದ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮವು ಕುಶಲಕರ್ಮಿಗಳ ವಸ್ತುಗಳಿಗೆ ಪೇಟೆಯನ್ನು ಒದಗಿಸಿತು. ಕಾಡಿನ ಗಂಧ ಕಳ್ಳಸಾಗಣೆಗೆ ತುತ್ತಾಗಿ ಬರಿದಾದ ಮೇಲೆ ೨೦೦೧ರ ಅರಣ್ಯ ಕಾಯಿದೆ ತಿದ್ದುಪಡಿಯು ಬೆಳೆಗಾರನಿಗೆ ತನ್ನ ಮರದ ಒಡೆತನವನ್ನು ನೀಡಿತು. ಅಷ್ಟರಲ್ಲಿ ಬಹುಮಂದಿ ಗುಡಿಗಾರರು ಶಿವನೆಯಂತಹ ಬೇರೆ ಮರಗಳಿಗೆ ತಿರುಗಿದ್ದರು. ಶಿವನೆಯ ಹೊಪ್ಪಳಿಕೆಗೆ ಪರಿಮಳವಿಲ್ಲ. ಅದರ ಉಳಿಕೆ ಒಲೆಗೆ ಹೋಗುತ್ತದೆ.

ಸೊರಬದ ಕಾನುಗಳದ್ದೂ ಇದೇ ಬಗೆಯ ಕಥೆ. ಗದ್ದೆ–ಗೋಮಾಳಗಳ ನಡುವೆ ಊರಿಗೆ ಹೊಂದಿಕೊಂಡಿದ್ದ ಈ ನಿತ್ಯಹಸುರಿನ ತುಣುಕುಗಳಿಂದ ಮೆಣಸು, ಬೆತ್ತ, ಬೈನೆಯ ಕಳ್ಳು ಮತ್ತು ನಾರು ದೊರೆಯುತ್ತಿದ್ದವು. ಬ್ರಾಂಡಿಸ್ ಮತ್ತು ಗ್ರಾಂಟ್ ೧೮೬೮ರಲ್ಲಿ ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆಯೇ ಪ್ರತ್ಯೇಕ ವರದಿಯನ್ನು ಬರೆದರು. ಅರಣ್ಯ ಇಲಾಖೆಯ ಆಡಳಿತ ಬಲಗೊಂಡಂತೆ ಬೆತ್ತ, ಬಿದಿರುಗಳು ಲೆಕ್ಕದ ಪದಾರ್ಥಗಳಾದವು. ತೆರಿಗೆಗೆ ಸಿಕ್ಕದ್ದು ಬರಹಕ್ಕೆ ಸಿಕ್ಕಲಿಲ್ಲವೆಂದು ಹಿಂದೆ ಹೇಳಿದೆವು. ಇಲ್ಲಿ ಬರಹಕ್ಕೆ ಸಿಕ್ಕಿದ್ದು ಊರಿನ ಕೈಯಿಂದ ಜಾರಿತು.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು: ಹುಲ್ಲು, ಬಟ್ಟೆ, ಗಂಧ ಈ ಮೂರರಲ್ಲೂ ಕಸುಬು ನಿಂತಿದ್ದುದು ಲೆಕ್ಕಕ್ಕೆ ಬಾರದ ಶೇಷದ ಮೇಲೆ. ಒಡೆಯನ ಕೊಳಗ, ಪಾತ್ರೆಯ ವ್ಯಾಪಾರಿ, ಸರ್ಕಾರದ ಹದಿನೆಂಟು ದರ್ಜೆ, ಈ ಮೂರೂ ಬೇರೆ ಬೇರೆ ಶಕ್ತಿಗಳು. ಆದರೆ ಶೇಷವನ್ನು ಲೆಕ್ಕದೊಳಕ್ಕೆ ಎಳೆದುಕೊಂಡ ಪರಿಣಾಮ ಒಂದೇ. ಎರಡನೆಯದು: ಈ ಪರಿಣಾಮವೆಲ್ಲ ಕೇಡೆಂದು ತೀರ್ಮಾನಿಸಲಾಗದು. ಚರ್ಮದ ‘ಹಕ್ಕ’ನ್ನು ಬಿಟ್ಟುಕೊಡುವುದು ವಿಮೋಚನೆಯಾಗಿತ್ತು; ಸೀರೆಯನ್ನು ಪಾತ್ರೆಗೆ ಕೊಟ್ಟದ್ದು ಆಯ್ಕೆಯಾಗಿತ್ತು; ಕೊಳಗದ ಹಿಡಿ ಭತ್ತ ಮಾತ್ರ ಅನ್ಯಾಯವಾಗಿ ಹೋದದ್ದು. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ‘ಗ್ರಾಮೀಣ ಕಲೆಗಳ ಅವನತಿ’ ಎಂದು ಕರೆಯುವ ಬರವಣಿಗೆಯಿಂದ ನಾವು ದೂರವಿರಬೇಕು. ಮೂರನೆಯದು: ಮುಯ್ಯಿಯ ವಲಯದಲ್ಲಿ ದುಡಿದ ಸ್ತ್ರೀಯರ ಶ್ರಮಕ್ಕೆ ಶಾಸನವಾಗಲಿ ಕಂದಾಯದ ಕಡತವಾಗಲಿ ಸಾಕ್ಷಿ ನುಡಿಯುವುದಿಲ್ಲ. ಆ ವಸ್ತುಗಳೇ ಅದಕ್ಕೆ ಆಕರ.

ಈ ಮೂರನೆಯ ಅಂಶದಿಂದ ನಮ್ಮ ಕಾಲೇಜುಗಳಿಗೆ ಒಂದು ಕರ್ತವ್ಯ ಪ್ರಾಪ್ತವಾಗುತ್ತದೆ. ವೀರಗಲ್ಲನ್ನು ಕಂಡರೆ ವಿದ್ಯಾರ್ಥಿಗಳು ಅದರ ಅಚ್ಚು ತೆಗೆದು, ಸ್ಥಳವನ್ನು ಗುರುತುಮಾಡಿ, ಪಾಠವನ್ನು ಓದುವ ಪದ್ಧತಿಯನ್ನು ನಾವು ಕಲಿಸುತ್ತ ಬಂದಿದ್ದೇವೆ. ಕೌದಿ, ಸಂಚಿ, ಭೂಮಣ್ಣಿ ಬುಟ್ಟಿಗಳಿಗೂ ಅದೇ ಶಿಸ್ತು ಸಲ್ಲಬೇಕು. ಮಾಡಿದವರು ಯಾರು, ದ್ರವ್ಯ ಯಾವುದರ ಉಳಿಕೆ, ಅದನ್ನು ಉಳಿಸಿಕೊಳ್ಳುವ ಹಕ್ಕು ಹೇಗೆ ಬಂತು, ಯಾರಿಗೆ ಕೊಟ್ಟರು, ಪ್ರತಿಯಾಗಿ ಏನು ಬಂತು—ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟರೆ ಆ ವಸ್ತು ಚಾರಿತ್ರಿಕ ಆಕರವಾಗುತ್ತದೆ. ಬರೆಯದಿದ್ದರೆ ಅದು ಅಲಂಕಾರದ ಸಾಮಾನಾಗಿ ಗೋಡೆಯ ಮೇಲೆ ಉಳಿಯುತ್ತದೆ. ಉತ್ತರ ಹೇಳಬಲ್ಲ ಹಿರಿಯ ಹೆಂಗಸರು ಜಡೆ, ಆನವಟ್ಟಿ, ಚಂದ್ರಗುತ್ತಿ, ಶಿಕಾರಿಪುರಗಳ ಮನೆಮನೆಗಳಲ್ಲಿ ಇನ್ನೂ ಇದ್ದಾರೆ. ಕಲ್ಲು ಕಾಯುತ್ತದೆ; ಅವರ ನೆನಪು ಹಾಗೆ ಕಾಯಲಾರದು.